ಚಿತ್ರಶಾಲೆ ಯಾರದು?

(ಇಟಗಿಯಲ್ಲಿ ಮಾಡಿದ ಭಾಷಣ)



ಚಿತ್ರಶಾಲೆಯ ಗೊಡವೆ ನಮಗೇಕೆ, ಅದು ಹೊಟ್ಟೆ ತುಂಬಿದವರ ಮಾತು ಎಂದು ನೀವು ಅನ್ನಬಹುದು. ಆದರೆ ನಮ್ಮ ನೆರೆಯ ಸೂಡಿಯಲ್ಲಿ ನಾಗಕುಂಡದ ಕಲ್ಲು ಕೆತ್ತಿದವರು ದೊರೆಗಳಲ್ಲ. ನಮ್ಮಂತೆ ಕೈಯಿಂದ ದುಡಿದು ಉಂಡವರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಕಥೆಯೂ ಅಂಥ ಒಬ್ಬ ದುಡಿಮೆಗಾರನದು.

ಕೆ. ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಕೈಯಲ್ಲಿ ಕಲಿತರು. ಉದಕಮಂಡಲ, ಕೊಡೈಕಾನಲ್‌ಗಳ ಮಂಜನ್ನೂ ಬಿಸಿಲನ್ನೂ ನೀರುಬಣ್ಣದಲ್ಲಿ ಹಿಡಿದರು. ಗಾರೆಯಲ್ಲಿ ಉಬ್ಬುಶಿಲ್ಪ ಮಾಡಿದರು. ವೀಣೆಯನ್ನೂ ನುಡಿಸಿದರು. ಮದುವೆಯಾಗಲಿಲ್ಲ.

ನಾವು ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ಅವರು ಮೈಸೂರು ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ ಆ ಕೆಲಸದ ಹಣಕ್ಕಾಗಿ ವ್ಯಾಜ್ಯ ಬಿದ್ದಿತು. ವೆಂಕಟಪ್ಪನವರು ಕೈಮುಗಿದು ಬೇಡಲಿಲ್ಲ, ಕೋರ್ಟಿಗೆ ಹೋದರು. ಕಲಾವಿದನಿಗೆ ಸಲ್ಲತಕ್ಕದ್ದು ಇನಾಮಲ್ಲ, ಮಾಡಿದ ಕೆಲಸದ ಪ್ರತಿಫಲ ಎಂಬುದೇ ಅವರ ವಾದದ ತಿರುಳು. ಪಗಾರದ ಬಾಕಿಗಾಗಿ ಹೋರಾಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

1965ರಲ್ಲಿ ಅವರು ತೀರಿಕೊಂಡರು. ಕಬ್ಬನ್ ಉದ್ಯಾನದ ಮಗ್ಗುಲಲ್ಲಿ, 1865ರಲ್ಲಿ ಆರಂಭವಾದ ಸರಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿಯೇ, ಅವರ ಹೆಸರಿನ ಚಿತ್ರಶಾಲೆ 1975ರಲ್ಲಿ ತೆರೆಯಿತು. ಅವರ ನೀರುಬಣ್ಣದ ಚಿತ್ರಗಳೂ ಉಬ್ಬುಶಿಲ್ಪಗಳೂ ಅಲ್ಲಿ ಸೇರಿದವು. ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರ ಚಿತ್ರಗಳೂ ಬಂದವು. ಇಷ್ಟೇ ಅಲ್ಲ; ದೊಡ್ಡ ಹಣವಿಲ್ಲದ ಎಷ್ಟೋ ತರುಣ ಕಲಾವಿದರು ಅಲ್ಪ ಬಾಡಿಗೆ ಕೊಟ್ಟು ತಮ್ಮ ಮೊದಲ ಪ್ರದರ್ಶನವನ್ನು ಅಲ್ಲಿಯೇ ನಡೆಸಿದರು.

ಇಂಥ ಚಿತ್ರಶಾಲೆಯನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡಲು ಸರಕಾರ ಒಪ್ಪಂದ ಮಾಡಿಕೊಂಡಿತು. 2016ರಲ್ಲಿ ಕಲಾವಿದರು ಬೀದಿಗಿಳಿದು ವಿರೋಧಿಸಿದರು. ಕಟ್ಟಡ ಸೋರುತ್ತಿದ್ದರೆ ದುರಸ್ತಿ ಬೇಕು, ನಿಜ. ಮಾಳಿಗೆ ಸೋರಿತೆಂದು ಮನೆಯ ಕೀಲಿಯನ್ನೇ ಸಾಹುಕಾರನ ಕೈಗೆ ಕೊಡುವವರುಂಟೇ?

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಸಂತೆಯ ಮಾಲು ತರಲೋ ಕೋರ್ಟಿನ ಕೆಲಸಕ್ಕೋ ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಕಸ್ತೂರಬಾ ರಸ್ತೆಗೆ ಹೋಗಿರಿ. ಅಂಜದೆ ಒಳಗೆ ಕಾಲಿಡಿರಿ. ಬಾಗಿಲು ಹಾಕಿದ್ದರೆ, ಏಕೆ ಹಾಕಿದ್ದೀರಿ ಎಂದು ಕೇಳಿರಿ. ನಮ್ಮ ತೆರಿಗೆಯಿಂದ ನಡೆಯುವ ಮನೆ ಅದು. ಕೇಳುವ ಹಕ್ಕು ನಮ್ಮದು.