ಎಲ್ಲವನ್ನೂ ನೆನಪಿಡುವ ಲ್ಯಾಪ್‌ಟಾಪ್

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಂಪ್ಯೂಟರ್ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದಾರೆ ಎಂದಾಗ ನಮ್ಮ ಮನೆಯವರು ನಕ್ಕುಬಿಟ್ಟರು. ನಗುವುದು ಸರಿಯೇ. ನಾನು ಇಂಜಿನಿಯರ್ ಅಲ್ಲ, ಶಾಲೆಯಲ್ಲಿ ಸಮಾಜಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಆದರೆ ನಮ್ಮ ವೇದಿಕೆಯ ಸದಸ್ಯೆಯರ ಪಟ್ಟಿ ಆರು ವರ್ಷಗಳಿಂದ ನನ್ನ ಲ್ಯಾಪ್‌ಟಾಪಿನಲ್ಲಿದೆ. ನಿಮ್ಮ ಮನೆ ವಿಳಾಸ, ಮೊಬೈಲ್ ನಂಬರ್, ಹುಟ್ಟಿದ ದಿನ, ರಕ್ತದ ಗುಂಪು ಎಲ್ಲವೂ ಅದರಲ್ಲಿವೆ. ಕೆಲವು ಸದಸ್ಯೆಯರು ನಂಬಿ ಬರೆದ, ಇನ್ನೊಬ್ಬರು ಓದಬಾರದ ಪತ್ರಗಳೂ ಇವೆ. ಹಾಗಾಗಿ ಈ ಲೆಕ್ಕ ನಾನು ನಿಮಗೆ ಒಪ್ಪಿಸಬೇಕಾದದ್ದೇ.

ಮೊದಲು ನನ್ನ ಮನೆಯ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ಹತ್ತಿತು. ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಅತ್ತೆಯವರಿಗೆ ಹುಷಾರಿರಲಿಲ್ಲ, ಮಗಳ ಪರೀಕ್ಷೆ ಬೇರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಹುಡುಕುತ್ತಿದ್ದೆ. ಯಾವ ಗಂಟು ಅಪಾಯ, ಯಾವುದು ಅಲ್ಲ, ಬಯಾಪ್ಸಿ ಎಂದರೆ ಏನು, ನೋಯುತ್ತದೆಯೇ. ಅದೇ ವಾರ ನನ್ನ ನಾದಿನಿಯ ಮಗ ಕಾಲೇಜಿನ ಅರ್ಜಿ ತುಂಬಲು ನಮ್ಮಲ್ಲಿಗೆ ಬಂದ. ಮನೆಗೆಲ್ಲ ಒಂದೇ ಲ್ಯಾಪ್‌ಟಾಪ್, ಒಂದೇ ಲಾಗಿನ್. ಪಾಸ್‌ವರ್ಡ್ ನಮ್ಮ ಫ್ಲ್ಯಾಟಿನ ನಂಬರ್. ಹುಡುಗ ಹುಡುಕುವ ಪಟ್ಟಿಯಲ್ಲಿ ಒಂದು ಅಕ್ಷರ ಒತ್ತಿದ್ದಾನೆ, ನಾನು ರಾತ್ರಿ ಬರೆದದ್ದೆಲ್ಲ ಸಾಲಾಗಿ ಕೆಳಗೆ ಬಿಚ್ಚಿಕೊಂಡಿದೆ. ಅವನು ಹೆದರಿ ತಾಯಿಗೆ ಹೇಳಿದ. ಮರುದಿನ ಬೆಳಿಗ್ಗೆ ಧಾರವಾಡದಿಂದ ಫೋನು: "ವೈನಿ, ನಿಮಗ ಏನಾಗೇದ? ನಮಗ್ಯಾಕ ಹೇಳಲಿಲ್ಲ?" ನಮ್ಮ ಮನೆಯವರು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರು.

ಗಂಟು ನೀರುಗುಳ್ಳೆ ಎಂದು ತಿಳಿಯಿತು, ದೇವರ ದಯೆ. ನಾದಿನಿಯ ಪ್ರೀತಿಯ ಬಗ್ಗೆಯೂ ನನಗೆ ಅನುಮಾನವಿಲ್ಲ. ಆದರೆ ಆ ಮಾತನ್ನು ಯಾರಿಗೆ, ಯಾವಾಗ ಹೇಳಬೇಕು ಎಂಬುದು ನನ್ನ ಕೈಯಲ್ಲಿತ್ತು. ಅದು ನನ್ನ ಕೈ ತಪ್ಪಿ ಹೋಯಿತು. ಅತ್ತೆಯವರಿಗೆ ಮಧ್ಯಾಹ್ನದೊಳಗೆ ಗೊತ್ತಾಗಿತ್ತು.

ಇದು ಬರೇ ಬ್ರೌಸರಿನ ಹಳೆಯ ನೆನಪಿನಿಂದ ಆದದ್ದು. ಅದನ್ನು ಅಳಿಸಲು ಬರುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ, ಅಷ್ಟೇ. ಅದಕ್ಕಾಗಿಯೇ ಮೈಕ್ರೋಸಾಫ್ಟ್‌ನ ರೀಕಾಲ್ ಸುದ್ದಿ ಓದಿದಾಗ ಎಲ್ಲರಿಗಿಂತ ಹೆಚ್ಚು ನಾನು ಬೆಚ್ಚಿದೆ ಎಂದು ಕಾಣುತ್ತದೆ.

2024ರ ಮೇ 20ರಂದು ಮೈಕ್ರೋಸಾಫ್ಟ್ ಇದನ್ನು ಪ್ರಕಟಿಸಿತು. ಕೋಪೈಲಟ್ ಪ್ಲಸ್ ಎಂಬ ಹೊಸ ಬಗೆಯ ಕಂಪ್ಯೂಟರುಗಳಲ್ಲಿ ಪರದೆಯ ಮೇಲೆ ಏನು ಕಾಣುತ್ತಿದೆಯೋ ಅದರ ಚಿತ್ರವನ್ನು ಕೆಲವು ಸೆಕೆಂಡಿಗೊಮ್ಮೆ ತೆಗೆದಿಟ್ಟು, ಅದರೊಳಗಿನ ಅಕ್ಷರಗಳನ್ನೂ ಓದಿ ಇಡುವ ಸೌಲಭ್ಯ. "ಕಳೆದ ವಾರ ನೋಡಿದ ನೀಲಿ ಸೀರೆ" ಎಂದು ಕೇಳಿದರೆ ಆ ಪುಟವನ್ನೇ ತೆಗೆದು ತೋರಿಸುತ್ತದೆ. ಮರೆವಿನವರಿಗೆ ಉಪಯೋಗವೇ, ನನಗೂ ಬೇಕಿತ್ತು! ಚಿತ್ರಗಳು ಕಂಪನಿಗೆ ಹೋಗುವುದಿಲ್ಲ, ನಿಮ್ಮ ಯಂತ್ರದಲ್ಲೇ ಇರುತ್ತವೆ ಎಂದೂ ಹೇಳಿದರು. ಆದರೆ ಭದ್ರತಾ ತಜ್ಞರು ಪರೀಕ್ಷಿಸಿ ನೋಡಿದಾಗ, ಓದಿಟ್ಟ ಅಕ್ಷರಗಳೆಲ್ಲ ಯಂತ್ರದೊಳಗೆ ಬೀಗವಿಲ್ಲದ ಒಂದು ಕಡತದಲ್ಲಿದ್ದವು. ಲಾಗಿನ್ ಆದವರು ಯಾರೇ ಆಗಲಿ ಅದನ್ನು ಎತ್ತಿಕೊಂಡು ಹೋಗಬಹುದಿತ್ತು. ಗಲಾಟೆಯಾಯಿತು. ಜೂನ್ ತಿಂಗಳಲ್ಲೇ ಕಂಪನಿ ಹಿಂದೆ ಸರಿದು, ಬಿಡುಗಡೆಯನ್ನು ಮುಂದೂಡಿತು.

ಆಮೇಲೆ ತಿದ್ದಿದರು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಅದು ಮತ್ತೆ ಬಂದಾಗ ಕಡತಕ್ಕೆ ಗೂಢಲಿಪಿಯ ಬೀಗವಿತ್ತು. ನಾವಾಗಿ ಒಪ್ಪಿ ಚಾಲೂ ಮಾಡಿದರೆ ಮಾತ್ರ ಕೆಲಸ ಮಾಡುತ್ತದೆ. ತೆರೆಯಲು ಮುಖ ಅಥವಾ ಬೆರಳಚ್ಚು ತೋರಿಸಿ ಗುರುತು ಖಚಿತಪಡಿಸಬೇಕು. ಬೇಡವಾದರೆ ಪೂರ್ತಿ ತೆಗೆದುಹಾಕಲೂ ಬರುತ್ತದೆ. ಆದರೂ ಸಿಗ್ನಲ್ ಆ್ಯಪ್‌ನವರು ಅದೇ ಮೇ ತಿಂಗಳಲ್ಲಿ ವಿಂಡೋಸ್ 11ರಲ್ಲಿ ತಮ್ಮ ಕಿಟಕಿಯ ಚಿತ್ರ ತೆಗೆಯಲಾಗದಂತೆ ತಡೆ ಹಾಕಿದರು. ಸಿನಿಮಾ ಕಳ್ಳತನ ತಪ್ಪಿಸಲು ಬಳಸುವ ಉಪಾಯವನ್ನೇ ಅವರು ಇಲ್ಲಿ ಬಳಸಬೇಕಾಯಿತು.

ಈ ಚರ್ಚೆಯನ್ನೆಲ್ಲ ಓದುವಾಗ ನನಗೆ ಅನಿಸಿದ್ದು, ಎಲ್ಲರೂ ಹೊರಗಿನ ಕಳ್ಳನ ಬಗ್ಗೆ ಮಾತಾಡುತ್ತಾರೆ. ಹ್ಯಾಕರ್, ಕಂಪನಿ, ಸರ್ಕಾರ. ನಮ್ಮಂಥವರ ಸಮಸ್ಯೆ ಅಷ್ಟು ದೂರದ್ದಲ್ಲ. ನಮ್ಮ ಪಿನ್ ನಂಬರ್ ಗೊತ್ತಿರುವವರು ಮನೆಯೊಳಗೇ ಇದ್ದಾರೆ. ನನ್ನ ಮನೆಯಲ್ಲಿ ಪ್ರೀತಿಯಿಂದ ಆದದ್ದು ಇನ್ನೊಂದು ಮನೆಯಲ್ಲಿ ಹಾಗೆಯೇ ಆಗಬೇಕೆಂದಿಲ್ಲ. ಒಬ್ಬಾಕೆ ಗಂಡನಿಗೆ ತಿಳಿಯದಂತೆ ವಕೀಲರ ವಿಳಾಸ ಹುಡುಕಿರುತ್ತಾಳೆ. ತವರಿಗೆ ಪತ್ರ ಬರೆದಿರುತ್ತಾಳೆ. ತನ್ನ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ತೆರೆಯಲು ನೋಡಿರುತ್ತಾಳೆ. ಪತ್ರ ಅಳಿಸಿದರೂ ಪತ್ರದ ಚಿತ್ರ ಉಳಿಯುವುದಾದರೆ ಏನು ಮಾಡಬೇಕು? ಮುಖ ತೋರಿಸು ಎಂದು ಅಧಿಕಾರದಿಂದ ಕೇಳುವವರು ಎದುರಿಗೇ ನಿಂತಿದ್ದರೆ ಆ ಬೀಗ ಎಷ್ಟು ಹೊತ್ತು ನಿಲ್ಲುತ್ತದೆ? ಹೋದ ವರ್ಷ ನಮ್ಮ ಸದಸ್ಯೆಯೊಬ್ಬರು ಇಂಥದ್ದೇ ಒಂದು ಅರ್ಜಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಕೂತು ಟೈಪು ಮಾಡಿದರು. ಅವರ ಮನೆಯದರಲ್ಲಿ ಮಾಡಲು ಧೈರ್ಯವಿರಲಿಲ್ಲ.

"ಮುಚ್ಚಿಡುವಂಥದ್ದು ಏನಿದೆ?" ಎಂದು ಕೇಳುವವರಿಗೆ ನಾನು ನಮ್ಮ ರಾಜ್ಯದವರೇ ಒಬ್ಬ ಹಿರಿಯರ ಹೆಸರು ಹೇಳುತ್ತೇನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಿಂದಾಗಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಮನೆಯ ಖಾಸಗಿತನದ ಹೆಸರಿನಲ್ಲಿ ಹೆಣ್ಣಿನ ಮೇಲಿನ ದೌರ್ಜನ್ಯ ಮುಚ್ಚಿಹೋಗಬಾರದು ಎಂಬ ಮಾತೂ ಅದರಲ್ಲಿದೆ. ಮನೆಗೆ ಒಂದು ಖಾಸಗಿತನ, ಮನೆಯೊಳಗಿನ ಹೆಣ್ಣಿಗೆ ಇನ್ನೊಂದು. ನಾವು ಎರಡನ್ನೂ ಒಂದೇ ಎಂದುಕೊಂಡು ಬಂದಿದ್ದೇವೆ.

ಇನ್ನು ನನ್ನ ಲ್ಯಾಪ್‌ಟಾಪಿನ ಕಥೆ. ಹತ್ತು ವರ್ಷದ್ದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ ಎಂದರು, ಅಷ್ಟೇ. ವಿಂಡೋಸ್ 11 ನನ್ನ ಹಳೆಯ ಪ್ರೊಸೆಸರಿಗೆ ಹತ್ತುವುದಿಲ್ಲ. ಅಂಗಡಿಯವರು ಹೊಸದು ಕೊಳ್ಳಿರಿ ಎಂದರು. ಹಿಂಜವಡಿಯಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗ ಬಂದು ನೋಡಿ, "ಅತ್ಯಾ, ಮಶೀನ್ ಛಲೋ ಐತಿ, ಒಗೀಬ್ಯಾಡ್ರಿ. ಲಿನಕ್ಸ್ ಹಾಕೂಣು" ಎಂದ.

ಒಂದು 8 ಜಿಬಿ ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಮಿಂಟ್ ತಂದ. ಒಳ್ಳೆಯ ಸಂಗತಿಯೆಂದರೆ ಏನನ್ನೂ ಅಳಿಸದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಎರಡು ದಿನ ಹಾಗೆ ನೋಡಿದೆ. ವೈಫೈ ಬಂತು, ಶಬ್ದ ಬಂತು, ಫೈರ್‌ಫಾಕ್ಸ್ ಇತ್ತು, ವರ್ಡ್, ಎಕ್ಸೆಲ್ ಬದಲಿಗೆ ಲಿಬ್ರೆಆಫೀಸ್ ಇತ್ತು. ಫೋಟೋ, ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ಮೂರನೆಯ ದಿನ ಪೂರ್ತಿ ಹಾಕಿಸಿದೆ. ಹಾಕುವಾಗಲೇ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಆಯ್ಕೆ ಕೇಳುತ್ತದೆ, ಹಾಕಿದೆ. ಮನೆಯ ಮೂರು ಜನಕ್ಕೆ ಮೂರು ಲಾಗಿನ್ ಮಾಡಿದೆ. ನಮ್ಮ ಮನೆಯವರು "ನನಗೇಕೆ ಬೇರೆ?" ಎಂದು ಎರಡು ದಿನ ಮುಖ ಊದಿಸಿದ್ದರು. ಈಗ ಅವರ ಶೇರು ಮಾರುಕಟ್ಟೆಯ ಲೆಕ್ಕವನ್ನು ನನಗೆ ತೋರಿಸದೇ ಇರುವುದು ಅವರಿಗೂ ಸುಖವಾಗಿದೆ.

ನನಗೆ ಇದ್ದ ದೊಡ್ಡ ಚಿಂತೆ ಕನ್ನಡದ್ದು. ನಾನು ನುಡಿಯಲ್ಲಿ ಟೈಪು ಮಾಡಿ ರೂಢಿಯಾದವಳು. ಲಿನಕ್ಸಿನಲ್ಲಿ ಐಬಸ್ ಮತ್ತು ಎಂ17ಎನ್ ಎಂಬೆರಡನ್ನು ಹಾಕಿಕೊಂಡರೆ ಅದೇ ಕೆಜಿಪಿ ಕೀಲಿಮಣೆ ಸಿಗುತ್ತದೆ, ಕೈಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಕಷ್ಟ ಬಂದದ್ದು ಹಳೆಯ ಕಡತಗಳಲ್ಲಿ. ಯುನಿಕೋಡ್ ಬರುವ ಮೊದಲಿನ ನುಡಿ ಫಾಂಟಿನಲ್ಲಿದ್ದ ನಮ್ಮ ಸ್ಮರಣ ಸಂಚಿಕೆಯ ಲೇಖನಗಳು ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚೂರುಪಾರು! ಯುನಿಕೋಡಿಗೆ ಪರಿವರ್ತಿಸಿದೆ, ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತು. ಕೂತು ತಿದ್ದಿದೆ, ಒಂದು ತಿಂಗಳು ಹಿಡಿಯಿತು. ಇದು ವಿಂಡೋಸಿನಲ್ಲಿದ್ದರೂ ಎಂದಾದರೂ ಮಾಡಲೇಬೇಕಾಗಿದ್ದ ಕೆಲಸ. ಪ್ರಿಂಟರ್ ಒಂದು ವಾರ ಸತಾಯಿಸಿತು, ಅಣ್ಣನ ಮಗನನ್ನು ಮತ್ತೆ ಕರೆದು ಊಟ ಹಾಕಬೇಕಾಯಿತು.

ಮುಕ್ತ ತಂತ್ರಾಂಶ ಎಂದರೆ ಅದರ ಬರವಣಿಗೆಯನ್ನು ಯಾರು ಬೇಕಾದರೂ ತೆರೆದು ಓದಬಹುದು. "ನೀವು ಓದಿದ್ದೀರಾ?" ಎಂದು ಒಬ್ಬರು ಕೇಳಿದರು. ಇಲ್ಲ, ನನಗೆ ತಿಳಿಯುವುದೂ ಇಲ್ಲ. ನಮ್ಮ ಸಂಘದ ಲೆಕ್ಕದ ಪುಸ್ತಕವನ್ನು ಎಷ್ಟು ಜನ ಓದುತ್ತೀರಿ? ಆದರೂ ಅದು ವಾರ್ಷಿಕ ಸಭೆಯಲ್ಲಿ ಮೇಜಿನ ಮೇಲಿರಬೇಕು ಎಂದು ಹಟ ಹಿಡಿಯುತ್ತೀರಿ. ಯಾರಾದರೂ ಒಬ್ಬರು ತೆರೆದು ನೋಡಬಹುದು ಎಂಬುದರಿಂದಲೇ ಖಜಾಂಚಿಯವರು ರಶೀದಿ ಜೋಪಾನ ಮಾಡುತ್ತಾರೆ. (ಖಜಾಂಚಿಯವರೇ, ನೀವು ಹಾಗೆಯೂ ಜೋಪಾನ ಮಾಡುವವರೇ, ಉದಾಹರಣೆಗೆ ಹೇಳಿದೆ.)

ಆದರೆ ಲಿನಕ್ಸ್ ಹಾಕಿದರೆ ಎಲ್ಲ ಬಗೆಹರಿಯಿತು ಎಂದು ಹೇಳಿದರೆ ನಾನು ಸುಳ್ಳುಗಾರ್ತಿ. ಫೇಸ್‌ಬುಕ್ಕಿಗೆ ಲಾಗಿನ್ ಆದಮೇಲೆ ಫೇಸ್‌ಬುಕ್ ನೋಡುವುದನ್ನು ನೋಡಿಯೇ ನೋಡುತ್ತದೆ. ಕೈಯಲ್ಲಿರುವ ಫೋನು ಲ್ಯಾಪ್‌ಟಾಪಿಗಿಂತ ಹೆಚ್ಚು ತಿಳಿದಿದೆ. ಟ್ಯಾಲಿ ಬಳಸುವವರು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಜಿಎಸ್‌ಟಿ ತುಂಬುವವರು ವಿಂಡೋಸ್ ಇಟ್ಟುಕೊಳ್ಳುವುದೇ ಮೇಲು. ಇನ್ನೊಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ನಾನು ಎಷ್ಟೇ ಬೀಗ ಹಾಕಿದರೂ, ನಿಮಗೆ ಕಳಿಸಿದ ಪಟ್ಟಿ ನಿಮ್ಮ ಪರದೆಯ ಮೇಲೆ ತೆರೆದಾಗ ಅಲ್ಲಿ ರೀಕಾಲ್ ಚಾಲೂ ಇದ್ದರೆ, ಎಲ್ಲರ ವಿಳಾಸವೂ ಅಲ್ಲಿ ಚಿತ್ರವಾಗಿ ಉಳಿಯುತ್ತದೆ. ಅದಕ್ಕೇ ಈ ವರ್ಷದಿಂದ ಪೂರ್ತಿ ಪಟ್ಟಿಯನ್ನು ಗುಂಪಿಗೆ ಹಾಕುವುದನ್ನು ನಿಲ್ಲಿಸಿದ್ದೇನೆ. ಯಾರ ನಂಬರ್ ಬೇಕೋ ಕೇಳಿ, ಅವರನ್ನು ಕೇಳಿ ಕೊಡುತ್ತೇನೆ. ಇದಕ್ಕೆ ಕೆಲವರಿಗೆ ಬೇಸರವಾಗಿದೆ ಎಂದು ಗೊತ್ತು.

ವಿಂಡೋಸ್ 11 ಇರುವವರು ಇವತ್ತು ಮನೆಗೆ ಹೋಗಿ ಸೆಟ್ಟಿಂಗ್ಸ್ ತೆರೆಯಿರಿ, ಪ್ರೈವೆಸಿ ಅಂಡ್ ಸೆಕ್ಯುರಿಟಿ ಎಂಬಲ್ಲಿ ರೀಕಾಲ್ ಅಂಡ್ ಸ್ನ್ಯಾಪ್‌ಶಾಟ್ಸ್ ಇದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಯಂತ್ರದಲ್ಲಿ ಅದು ಇಲ್ಲ, ನೆಮ್ಮದಿಯಿಂದಿರಿ. ಹೆಚ್ಚಿನವರ ಯಂತ್ರದಲ್ಲಿ ಇರುವುದಿಲ್ಲ, ಅದಕ್ಕೆ 16 ಜಿಬಿ ಮೆಮೊರಿ, ವಿಶೇಷ ಚಿಪ್ ಬೇಕು. ಇದ್ದರೆ, ಮುಚ್ಚಿದೆಯೋ ತೆರೆದಿದೆಯೋ ನೀವೇ ಕಣ್ಣಾರೆ ನೋಡಿ, ಮಗ ಹೇಳಿದ ಎಂದು ಬಿಡಬೇಡಿ. ಲಿನಕ್ಸ್ ಬೇಡವೆನ್ನುವವರೂ ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಳ್ಳಬಹುದು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಪಾಸ್‌ವರ್ಡ್ ಮಾತ್ರ ಫ್ಲ್ಯಾಟಿನ ನಂಬರ್ ಬೇಡ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಳೆಯ ಲ್ಯಾಪ್‌ಟಾಪ್ ಇರುವವರು ಇಲ್ಲಿಗೇ ತನ್ನಿ. ಐದು ಪೆನ್‌ಡ್ರೈವ್ ತಯಾರಿಟ್ಟಿದ್ದೇನೆ, ಅಣ್ಣನ ಮಗನೂ ಬರುತ್ತಾನೆ. ಅಂದು ಏನನ್ನೂ ಅಳಿಸುವುದಿಲ್ಲ, ಪೆನ್‌ಡ್ರೈವಿನಿಂದ ಓಡಿಸಿ ನೋಡುವುದು ಮಾತ್ರ. ಆದರೂ ಫೋಟೋಗಳ ಇನ್ನೊಂದು ಪ್ರತಿ ಮಾಡಿಕೊಂಡೇ ಬನ್ನಿ. ಚಾರ್ಜರ್ ಮರೆಯಬೇಡಿ. ಹಳೆಯ ಬ್ಯಾಟರಿಗಳು ಅರ್ಧ ಗಂಟೆ ಕೂಡ ನಿಲ್ಲುವುದಿಲ್ಲ, ಈ ಹಾಲಿನಲ್ಲಿ ಪ್ಲಗ್ ಪಾಯಿಂಟ್ ಇರುವುದು ಮೂರೇ, ಹಾಗಾಗಿ ಎಕ್ಸ್‌ಟೆನ್ಶನ್ ಬೋರ್ಡ್ ಇದ್ದವರು ಅದನ್ನೂ ತನ್ನಿ.