ಮುಂಚಕ್ರದ ಫೋರ್ಕ್: ಅಂದಕ್ಕಿಂತ ಬಲ ಮುಖ್ಯ

ಕಾಲು ನೆಲಕ್ಕೂರದೆ ಬಂಡೆಯಿಂದ ಬಂಡೆಗೆ ನೆಗೆಯುವ ಆಟಕ್ಕೆಂದೇ ಇರುವುದು ಟ್ರಯಲ್ಸ್ ಸೈಕಲ್. ಮುಂಚಕ್ರ ಕೆಳಗೆ ಬಡಿದಾಗಲೆಲ್ಲ ಪೆಟ್ಟು ತಿನ್ನುವುದು ಫೋರ್ಕ್. ಅದು ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ.

ನಿಮ್ಮ ಮನೆಯ ಮಕ್ಕಳ ಸೈಕಲ್ಲಿನ ಫೋರ್ಕ್ ಬಾಗಿದೆಯೇ? ಬಡಿದು ನೇರ ಮಾಡಿಸಬೇಡಿ, ಬಿರುಕಿಗೆ ವೆಲ್ಡಿಂಗ್ ಹಾಕಿಸಬೇಡಿ. ಹೊಸದನ್ನೇ ಹಾಕಿಸಿ. ಸ್ಪ್ರಿಂಗ್ ಇರುವುದು ಬೇಡ; ನೆಗೆತದ ಶಕ್ತಿಯನ್ನು ಅದು ನುಂಗಿಬಿಡುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಪೆಟ್ಟು ತಿಂದು ತಿಂದು ಒಂದು ದಿನ ಸುಳಿವಿಲ್ಲದೆ ತುಂಡಾಗಬಹುದು. ಕ್ರೋಮೋಲಿ ಉಕ್ಕು ತುಸು ಭಾರ. ಆದರೆ ಸಾಮಾನ್ಯವಾಗಿ ಮೊದಲು ಬಾಗಿ ಎಚ್ಚರಿಸುತ್ತದೆ. ಕಲಿಯುವವರಿಗೆ ಉಕ್ಕೇ ಲೇಸು.

ಅಂಗಡಿಗೆ ಹಳೆಯ ಫೋರ್ಕನ್ನೂ ಒಯ್ಯಿರಿ. ಆಕ್ಸಲ್‌ನಿಂದ ಎರಡು ಕಾಲುಗಳು ಕೂಡುವ ಜಾಗದವರೆಗಿನ ಉದ್ದ ಅಷ್ಟೇ ಇರಲಿ. 20 ಮಿಲಿಮೀಟರ್ ಹೆಚ್ಚಾದರೆ ಸೈಕಲ್ಲಿನ ಮುಂಭಾಗದ ಕೋನ ಸುಮಾರು 1 ಡಿಗ್ರಿ ಬದಲಾಗಿ, ಹಿಡಿತವೇ ಬೇರೆಯಾಗುತ್ತದೆ. ಮೇಲಿನ ಕೊಳವೆಯ ದಪ್ಪ, ಉದ್ದ, ಬ್ರೇಕ್ ಕೂರುವ ಜಾಗ ಮೂರೂ ಹೊಂದಬೇಕು.

ಹಾಕಿಸಿದ ಮೇಲೂ ಆಗಾಗ ವೆಲ್ಡಿಂಗ್ ಜಾಗವನ್ನು ಒರೆಸಿ, ಬೆಳಕಿನಲ್ಲಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಸವಾರಿ ನಿಲ್ಲಿಸಿ. ಫೋರ್ಕ್ ಮತ್ತೆ ಸಿಗುತ್ತದೆ, ಹಲ್ಲು ಸಿಗುವುದಿಲ್ಲ.