ಖೋಡದ್‌ನ ಮೂವತ್ತು ಕಿವಿಗಳು



ಪುಣೆಯಿಂದ ನಾಸಿಕದ ರಸ್ತೆ ಹಿಡಿದರೆ ಸುಮಾರು 80 ಕಿಲೋಮೀಟರ್ ದೂರದಲ್ಲಿ ನಾರಾಯಣಗಾಂವ್ ಸಿಗುತ್ತದೆ. ತಮಾಶಾ ಮೇಳಗಳಿಗೂ ದ್ರಾಕ್ಷಿ, ಟೊಮೇಟೊಗಳಿಗೂ ಹೆಸರಾದ ಊರು. ಶಿರಡಿಗೆ ಹೋಗುವಾಗ ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ಚಹಾಕ್ಕೆ ನಿಂತಿರುತ್ತೀರಿ. ಅಲ್ಲಿಂದ ಒಳದಾರಿಗೆ ತಿರುಗಿದರೆ ಖೋಡದ್ ಎಂಬ ಹಳ್ಳಿ. ಅದರ ಬಯಲಿನಲ್ಲಿ ತಂತಿಬಲೆಯಿಂದ ಮಾಡಿದ ಭಾರೀ ಬೋಗುಣಿಗಳು ಆಕಾಶಕ್ಕೆ ಮುಖ ಮಾಡಿ ಕೂತಿವೆ. ಒಂದೊಂದರ ಅಗಲ 45 ಮೀಟರ್. ಒಟ್ಟು 30. ಹದಿನಾಲ್ಕು ಒತ್ತಟ್ಟಿಗಿವೆ, ಉಳಿದ ಹದಿನಾರು ಮೂರು ದಿಕ್ಕಿಗೆ ಕೈಚಾಚಿದಂತೆ ಸುಮಾರು 25 ಕಿಲೋಮೀಟರ್ ವಿಸ್ತಾರದಲ್ಲಿ ಹರಡಿಕೊಂಡಿವೆ. ಇದೇ ಜಿ.ಎಂ.ಆರ್.ಟಿ. ಎಂಬ ರೇಡಿಯೋ ದೂರದರ್ಶಕ. ನಡೆಸುವವರು ಮುಂಬಯಿಯ ಟಿ.ಐ.ಎಫ್.ಆರ್.ಗೆ ಸೇರಿದ, ಪುಣೆಯಲ್ಲಿರುವ ಎನ್.ಸಿ.ಆರ್.ಎ. ಸಂಸ್ಥೆಯವರು.

ರೇಡಿಯೋ ಎಂದರೆ ನಮಗೆ ಮಾತಾಡುವ ಪೆಟ್ಟಿಗೆ. ಅವರಿಗೆ ಬರೀ ಕೇಳುವ ಕೆಲಸ. ನಮ್ಮ ಎಫ್.ಎಂ. ದನಿ 88ರಿಂದ 108 ಮೆಗಾಹರ್ಟ್ಜ್‌ನೊಳಗೆ ಮುಗಿಯುತ್ತದೆ. ಅವರ ಆಲಿಕೆ ಸುಮಾರು 120ರಲ್ಲಿ ಶುರುವಾಗಿ ನಡುನಡುವೆ ಒಂದಿಷ್ಟು ಬಿಟ್ಟು 1450ರವರೆಗೆ ಹೋಗುತ್ತದೆ. ಬೇಲಿಯಾಚೆಯ ನೆರೆಮನೆ ಅನ್ನಿ. ಅಲ್ಲಿ ಕೇಳಿದ್ದು ಯಾರ ಸೊತ್ತು ಎಂಬುದೇ ಇವತ್ತಿನ ನನ್ನ ಮಾತು. ತೆರಿಗೆ ನಮ್ಮದು, ನೆಲ ನಮ್ಮದು. ಆದರೆ ಅಲ್ಲಿಂದ ಹೊರಬರುವ ಸಂಶೋಧನಾ ಲೇಖನಗಳಲ್ಲಿ ಹಾಲೆಂಡಿನವರ, ಜಪಾನಿನವರ ಹೆಸರುಗಳೂ ಇರುತ್ತವೆ. ಇದೇನು ನ್ಯಾಯ ಎಂದು ಯಾರಿಗಾದರೂ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಶುರುವಾದದ್ದು ಎಲ್ಲಿಂದ ಎಂದು ನೋಡಿದರೆ ಉತ್ತರ ಸ್ವಲ್ಪ ತಿಳಿಯಾಗುತ್ತದೆ. ಇದನ್ನು ಕಟ್ಟಿದವರು ಗೋವಿಂದ ಸ್ವರೂಪ್ (1929–2020). ಚಿಕ್ಕ ವಯಸ್ಸಿನಲ್ಲಿ ಆಸ್ಟ್ರೇಲಿಯಾದಲ್ಲಿ ಕೆಲಸ ಕಲಿತವರು. ಅಲ್ಲಿನವರು ತಮಗೆ ಬೇಡವಾದ ಆರಡಿ ಅಗಲದ 32 ಬೋಗುಣಿಗಳನ್ನು ಭಾರತಕ್ಕೆ ಉಡುಗೊರೆಯಾಗಿ ಕೊಟ್ಟರು. ಸ್ವರೂಪ್ ಮತ್ತು ಅವರ ಎಳೆಯ ತಂಡ 1965ರಲ್ಲಿ ಅವನ್ನು ಮುಂಬಯಿ ಪಕ್ಕದ ಕಲ್ಯಾಣದಲ್ಲಿ ನಿಲ್ಲಿಸಿ ಸೂರ್ಯನ ಕಡೆ ಕಿವಿಗೊಟ್ಟರು. ಕಲ್ಯಾಣ, ಡೊಂಬಿವಲಿಯ ಕನ್ನಡಿಗರೇ, ನಿಮ್ಮ ಊರಿಗೆ ಈ ಹೆಮ್ಮೆಯೂ ಇದೆ! ಆಮೇಲೆ 1970ರಲ್ಲಿ ಊಟಿಯ ಇಳಿಜಾರಿನಲ್ಲಿ 530 ಮೀಟರ್ ಉದ್ದದ ದೂರದರ್ಶಕ ಬಂತು. ಅದರ ನಂತರ ಖೋಡದ್. ಇಲ್ಲೂ ಕೈಗೂಡಿಸಿದವರು ಹಲವರು. 1000ದಿಂದ 1450 ಮೆಗಾಹರ್ಟ್ಜ್‌ನ ಅಲೆಗಳನ್ನು ಹಿಡಿಯುವ ಮೊದಲ ಉಪಕರಣಗಳನ್ನು ಮಾಡಿಕೊಟ್ಟದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ.

2002ರಿಂದ ಈ ದೂರದರ್ಶಕದ ಬಾಗಿಲು ಇಡೀ ಲೋಕಕ್ಕೆ ತೆರೆದಿದೆ. ವರ್ಷಕ್ಕೆ ಎರಡು ಸಲ ಅರ್ಜಿ ಕರೆಯುತ್ತಾರೆ. ಯಾವ ದೇಶದವರಾದರೂ ಹಾಕಬಹುದು, ವಿಷಯ ಗಟ್ಟಿಯಾಗಿದ್ದವರಿಗೆ ಸಮಯ ಸಿಗುತ್ತದೆ. ಪಡೆದ ದತ್ತಾಂಶ ಸ್ವಲ್ಪ ಕಾಲ ಅವರದೇ, ಆಮೇಲೆ ಎಲ್ಲರದೂ.

ಈ ಕಡೆಯ ಮಾತೇ ಮುಖ್ಯ. 2010ರಿಂದ 2012ರವರೆಗೆ ಇಲ್ಲಿಂದ 150 ಮೆಗಾಹರ್ಟ್ಜ್‌ನಲ್ಲಿ ಆಕಾಶದ ದೊಡ್ಡ ಸಮೀಕ್ಷೆ ನಡೆಯಿತು. ರಾಶಿ ರಾಶಿ ದತ್ತಾಂಶ. ಅಷ್ಟನ್ನೂ ಶುದ್ಧಮಾಡಿ ಚಿತ್ರವಾಗಿಸುವುದು ಸುಲಭದ ಕೆಲಸವಾಗಿರಲಿಲ್ಲ. ಕೊನೆಗೆ ಹುಯಿಬ್ ಇಂಟೆಮಾ ಎಂಬ ಡಚ್ ವಿಜ್ಞಾನಿ ಮತ್ತು ಸಂಗಡಿಗರು (ಅವರಲ್ಲಿ ಭಾರತೀಯರೂ ಇದ್ದರು) ಭಂಡಾರದಿಂದ ಅದನ್ನು ತೆಗೆದು, ಹೊಸ ವಿಧಾನದಲ್ಲಿ ಸಂಸ್ಕರಿಸಿ, 2017ರಲ್ಲಿ 6 ಲಕ್ಷಕ್ಕೂ ಮೇಲ್ಪಟ್ಟ ರೇಡಿಯೋ ಮೂಲಗಳ ಪಟ್ಟಿ ಪ್ರಕಟಿಸಿದರು. ನಮ್ಮ ಹೊಲ, ಬೇರೆಯವರ ಕೊಯ್ಲು ಎಂದು ಮುಖ ಸಿಂಡರಿಸಬಹುದು. ಆದರೆ ಬಾಗಿಲು ಹಾಕಿದ್ದರೆ ಆ ಬೆಳೆ ಇನ್ನೆಷ್ಟು ಕಾಲ ಹೊಲದಲ್ಲೇ ನಿಂತಿರುತ್ತಿತ್ತೋ. ಈಗ ಆ ಪಟ್ಟಿಯನ್ನು ನಮ್ಮ ವಿದ್ಯಾರ್ಥಿಗಳೂ ಬಳಸುತ್ತಾರೆ.

ಇನ್ನೊಂದು ಕಥೆ ನನಗೆ ತುಂಬ ಇಷ್ಟ, ಅದರಲ್ಲಿ ರೇಡಿಯೋದ ಸೊಗಸು ಇದೆ. ಹಿಂದೆ ವಾರ್ತೆಗೆ ಮೊದಲು ಬೀಪ್ ಬೀಪ್ ಎಂದು ಗಂಟೆ ತಿಳಿಸುತ್ತಿದ್ದರಲ್ಲ, ಪಲ್ಸಾರ್ ಎಂಬ ನಕ್ಷತ್ರಗಳೂ ಹಾಗೆ ತಪ್ಪದೆ ಮಿಡಿಯುತ್ತವೆ. ಗುರುತ್ವದ ಅಲೆ ಹಾದುಹೋದರೆ ಆ ಮಿಡಿತ ಕೂದಲೆಳೆಯಷ್ಟು ಹಿಂದುಮುಂದಾಗುತ್ತದೆ. ಅದನ್ನು ಹಿಡಿಯಲು ಯುರೋಪಿನವರು ಐದು ದೊಡ್ಡ ದೂರದರ್ಶಕಗಳಿಂದ 25 ವರ್ಷ ಕಾದರು. ತೊಡಕೇನೆಂದರೆ, ನಕ್ಷತ್ರಗಳ ನಡುವಿನ ತೆಳು ಅನಿಲವೂ ಮಿಡಿತವನ್ನು ತಡಮಾಡುತ್ತದೆ. ಕಂಪನ ಸಂಖ್ಯೆ ಕಡಿಮೆಯಾದಷ್ಟೂ ತಡ ಹೆಚ್ಚು. ಆ ತಡವನ್ನು ಚೆನ್ನಾಗಿ ಅಳೆದು ಲೆಕ್ಕದಿಂದ ಕಳೆಯಲು ಕೆಳದನಿ ಕೇಳುವ ಕಿವಿ ಬೇಕು, ಅದು ಖೋಡದ್‌ನಲ್ಲಿದೆ. ಅವರ ದೀರ್ಘ ದಾಖಲೆಗೆ ಭಾರತ ಮತ್ತು ಜಪಾನಿನ ಸಂಶೋಧಕರ ಇಲ್ಲಿನ ಅಳತೆಗಳು ಸೇರಿ, 2023ರ ಜೂನ್‌ನಲ್ಲಿ ಈ ಅಲೆಗಳಿಗೆ ಪುರಾವೆ ಸಿಕ್ಕಿದೆ ಎಂದು ಎರಡೂ ತಂಡಗಳು ಜೊತೆಗೇ ಪ್ರಕಟಿಸಿದವು. ಅಮೆರಿಕ, ಆಸ್ಟ್ರೇಲಿಯಾ, ಚೀನಾದ ತಂಡಗಳೂ ಅದೇ ಹೊತ್ತಿಗೆ ತಮ್ಮ ತಮ್ಮ ಫಲಿತಾಂಶ ಕೊಟ್ಟವು.

2016ರ ಅಕ್ಟೋಬರ್ 19ರಂದು ಯುರೋಪಿನ ಶಿಯಾಪರೆಲ್ಲಿ ನೌಕೆ ಮಂಗಳನ ಮೇಲೆ ಇಳಿಯುತ್ತಿದ್ದಾಗ ಅದರ ಕ್ಷೀಣ ದನಿಯನ್ನು ನೇರವಾಗಿ ಕೇಳಿಸಿಕೊಂಡದ್ದೂ ಖೋಡದ್‌ನ ಕಿವಿಗಳೇ. ನೆಲ ಮುಟ್ಟುವ ಮೊದಲೇ ದನಿ ನಿಂತಿತು. ನೌಕೆ ಅಪ್ಪಳಿಸಿ ಹೋಗಿತ್ತು.

ಇಷ್ಟೆಲ್ಲ ಕೇಳಬೇಕಾದರೆ ಸುತ್ತ ಸದ್ದಿರಬಾರದು. ಸದ್ದು ಎಂದರೆ ತಮಾಶಾದ ಢೋಲಕಿಯಲ್ಲ, ಮೊಬೈಲ್ ಗೋಪುರ, ವಿದ್ಯುತ್ ತಂತಿಯ ಕಿಡಿ, ಕಾರ್ಖಾನೆಯ ಯಂತ್ರ. ಪುಣೆ–ನಾಸಿಕ ಹೊಸ ರೈಲು ಮಾರ್ಗ ನಾರಾಯಣಗಾಂವ್ ಮೇಲೆ ಹೋಗಬೇಕೆಂದಿತ್ತು. ದೂರದರ್ಶಕಕ್ಕೆ ತೊಂದರೆಯಾಗುತ್ತದೆ ಎಂದು 2025ರಲ್ಲಿ ರೈಲ್ವೆಯವರು ಆ ಹಾದಿ ಆಗದು ಎಂದರು. ಟೊಮೇಟೊ ಬೆಳೆಯುವವರಿಗೆ, ಪುಣೆಗೆ ಓದಲು ಹೋಗುವ ಮಕ್ಕಳಿಗೆ ರೈಲು ಬೇಡವಾಗಿತ್ತೇ? ಲೇಖನದ ಕೆಳಗೆ ದೇಶದೇಶದವರ ಹೆಸರಿರುತ್ತದೆ, ಈ ಹಳ್ಳಿಗಳ ಹೆಸರಿರುವುದಿಲ್ಲ. ದೂರದರ್ಶಕ ಅಲ್ಲೇ ಉಳಿಯಬೇಕೆಂಬವನು ನಾನು. ಆದರೂ ಆ ಜನರ ಮಾತನ್ನು ತಳ್ಳಿಹಾಕಲು ನನ್ನ ಕೈಲಾಗದು. ಅವರಿಗೆ ಬೇರೆ ಯಾವ ದಾರಿಯಲ್ಲಿ ಏನು ಕೊಡುತ್ತೀರಿ ಎಂಬುದನ್ನು ಸರ್ಕಾರ ಹೇಳಲೇಬೇಕು.

ಫೆಬ್ರವರಿ 28ರ ವಿಜ್ಞಾನ ದಿನದ ಆಸುಪಾಸಿನಲ್ಲಿ ಖೋಡದ್‌ನಲ್ಲಿ ವಸ್ತುಪ್ರದರ್ಶನ ನಡೆಯುತ್ತದೆ, ಸುತ್ತಲ ಶಾಲೆಗಳ ಮಕ್ಕಳೂ ತಮ್ಮ ಮಾದರಿಗಳನ್ನು ತಂದಿಡುತ್ತಾರೆ. ಪುಣೆ, ಮುಂಬಯಿಯಲ್ಲಿರುವವರು ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿ. ಒಳಗೆ ಹೋಗುವ ಮುನ್ನ ಮೊಬೈಲ್ ಆಫ್ ಮಾಡಿ.